ಆದೇಶ ವಿಧಾನದಲ್ಲಿ ವಿಸ್ತೀರ್ಣ ಕಂಡುಹಿಡಿಯುವಾಗ ಮಿತಿಗಳನ್ನು ಏಕೆ ಬದಲಾಯಿಸಬೇಕು?

ನೀವು ಕೇಳಿರುವುದು ವೈ = ಎಕ್ಸ್√(ಎಕ್ಸ್² + 9) ಎಂಬ ವಕ್ರರೇಖೆಯ ಬಗ್ಗೆ. ಎಕ್ಸ್ 0ಯಿಂದ 4ರವರೆಗೆ ಇರುವಾಗ ರೇಖೆಯ ಕೆಳಗಿನ ವಿಸ್ತೀರ್ಣ ನಿಮಗೆ 8/3 ಎಂದು ಸಿಕ್ಕಿದೆ, ಪುಸ್ತಕದಲ್ಲಿ 98/3 ಎಂದಿದೆ. ಇದೇ ರೇಖೆಗೆ −2ರಿಂದ 2ರವರೆಗೆ ಲೆಕ್ಕ ಮಾಡಿದಾಗ ಸೊನ್ನೆ ಬಂದಿದೆ. ಈ ಎರಡು ತೊಡಕುಗಳ ಕಾರಣಗಳು ಬೇರೆ ಬೇರೆಯಾದ್ದರಿಂದ ಒಂದೊಂದಾಗಿ ನೋಡೋಣ.

ಯು = ಎಕ್ಸ್² + 9 ಎಂದು ನೀವು ಆದೇಶಿಸಿದ್ದು, ಅಂದರೆ ಎಕ್ಸ್ ಬದಲಿಗೆ ಯು ಎಂಬ ಹೊಸ ಚರವನ್ನು ತಂದದ್ದು, ಸರಿಯಾಗಿಯೇ ಇದೆ, ಏಕೆಂದರೆ ವರ್ಗಮೂಲದ ಒಳಗಿನ ಪದದ ನಿಷ್ಪನ್ನ (ಅದು ಬದಲಾಗುವ ದರ) 2ಎಕ್ಸ್, ಅದರ ಅರ್ಧಭಾಗ ವರ್ಗಮೂಲದ ಹೊರಗೆ ಗುಣಕವಾಗಿ ಮೊದಲೇ ಇದೆ. ಡಿಯು = 2ಎಕ್ಸ್ ಡಿಎಕ್ಸ್ ಆದ್ದರಿಂದ ವಿಸ್ತೀರ್ಣವನ್ನು ಕೊಡುವ ಅನುಕಲ (∫ ಚಿಹ್ನೆಯ ಮೊತ್ತ) ½∫√ಯು ಡಿಯು ಎಂದಾಗುತ್ತದೆ, ಅದರಿಂದ ⅓ ಯು√ಯು ಬರುತ್ತದೆ. ಇಲ್ಲಿಯವರೆಗೆ ತಪ್ಪಿಲ್ಲ. ಆದರೆ ಇದರಲ್ಲಿ ನೀವು ಹಾಕಿದ 0 ಮತ್ತು 4 ಎಕ್ಸ್‌ನ ಬೆಲೆಗಳೇ ಹೊರತು ಯು ಬೆಲೆಗಳಲ್ಲ. ಎಕ್ಸ್ 0 ಆದಾಗ ಯು 9 ಆಗುತ್ತದೆ, ಎಕ್ಸ್ 4 ಆದಾಗ 25 ಆಗುತ್ತದೆ. ಈ ಮಿತಿಗಳನ್ನು ಹಾಕಿದರೆ ⅓(125 − 27) = 98/3, ಅಂದರೆ ಸುಮಾರು 32.67 ಚದರ ಮಾನ ಸಿಗುತ್ತದೆ.

8/3 ಸರಿಯಿರಲಾರದು ಎಂಬುದನ್ನು ಅನುಕಲನವಿಲ್ಲದೆಯೂ ಕಂಡುಕೊಳ್ಳಬಹುದಿತ್ತು. ಎಕ್ಸ್ = 2 ಇರುವಲ್ಲಿ ರೇಖೆಯ ಎತ್ತರ 2√13, ಅಂದರೆ ಸುಮಾರು 7.2, ಅಲ್ಲಿಂದ ಮುಂದೆ ಅದು ಏರುತ್ತಲೇ ಹೋಗುತ್ತದೆ. ಹಾಗಾಗಿ 2ರಿಂದ 4ರವರೆಗಿನ ಭಾಗದಲ್ಲಿಯೇ 14ಕ್ಕಿಂತ ದೊಡ್ಡ ಆಯತವೊಂದು ರೇಖೆಯ ಕೆಳಗೆ ಹಿಡಿಸುತ್ತದೆ. ವಿಸ್ತೀರ್ಣದ ಲೆಕ್ಕಗಳಲ್ಲಿ ಮೊದಲು ಒರಟಾದ ಚಿತ್ರ ಬರೆದು ಇಂಥ ಅಂದಾಜು ಮಾಡಿಕೊಳ್ಳುವುದನ್ನು ನಾನು ಎಂದೂ ಬಿಡುವುದಿಲ್ಲ, ನೀವೂ ಬಿಡಬಾರದೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಮಿತಿ ಬದಲಿಸುವುದನ್ನು ಬರೀ ನಿಯಮವೆಂದು ನೆನಪಿಟ್ಟುಕೊಂಡರೆ ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತದೆ. ಅದರ ಹಿಂದೆ ನಡೆಯುವುದನ್ನು ಒಮ್ಮೆ ಕಂಡರೆ ಮರೆಯುವುದು ಕಷ್ಟ. ಲೈಬ್ನಿಟ್ಸ್ 1675ರಲ್ಲಿ ∫ ಚಿಹ್ನೆಯನ್ನು ಬಳಕೆಗೆ ತಂದಾಗ ಅದು ಮೊತ್ತವನ್ನು ಸೂಚಿಸುವ ಉದ್ದನೆಯ ಅಕ್ಷರವಾಗಿತ್ತು: ಎತ್ತರವನ್ನು ಅಗಲದಿಂದ ಗುಣಿಸಿ ಪಡೆದ ತೆಳುವಾದ ಪಟ್ಟಿಗಳ ಮೊತ್ತ. ಡಿಎಕ್ಸ್ ಎಂಬುದು ಆ ಪಟ್ಟಿಯ ಅಗಲ. ಈಗ ಎಕ್ಸ್ = 3ರ ಬಳಿ 0.01 ಅಗಲದ ಒಂದು ಪಟ್ಟಿಯನ್ನು ತೆಗೆದುಕೊಳ್ಳಿ. ಅದರ ಎತ್ತರ 3√18, ಅಂದರೆ ಸುಮಾರು 12.73, ವಿಸ್ತೀರ್ಣ ಸುಮಾರು 0.127. ಎಕ್ಸ್ 3ರಿಂದ 3.01ಕ್ಕೆ ಸರಿಯುವಾಗ ಯು 18ರಿಂದ 18.0601ಕ್ಕೆ ಸರಿಯುತ್ತದೆ, ಅಂದರೆ ಪಟ್ಟಿ ಸುಮಾರು ಆರು ಪಟ್ಟು ಅಗಲವಾಗುತ್ತದೆ. ಹೊಸ ಚಿತ್ರದಲ್ಲಿ ಅದರ ಎತ್ತರ ½√18, ಸುಮಾರು 2.12, ಇದು ಹಳೆಯ ಎತ್ತರದ ಆರನೆಯ ಒಂದು ಭಾಗ. ಅಗಲ ಎಷ್ಟು ಪಟ್ಟು ಹಿಗ್ಗಿತೋ ಎತ್ತರ ಅಷ್ಟೇ ಪಟ್ಟು ಕುಗ್ಗಿದ್ದರಿಂದ ವಿಸ್ತೀರ್ಣ ಹಾಗೆಯೇ ಉಳಿಯಿತು. ಪ್ರತಿಯೊಂದು ಪಟ್ಟಿಯೂ ಹೀಗೆ ತನ್ನ ವಿಸ್ತೀರ್ಣವನ್ನು ಹೊತ್ತುಕೊಂಡು ಯು ಅಕ್ಷದ ಮೇಲೆ 9 ಮತ್ತು 25ರ ನಡುವೆ ಹೋಗಿ ನಿಂತಿರುವಾಗ, ನೀವು ಅವುಗಳನ್ನು 0 ಮತ್ತು 4ರ ನಡುವೆ ಹುಡುಕಿದಿರಿ.

ಯು ಬದಲಿಗೆ ಮತ್ತೆ ಎಕ್ಸ್² + 9 ಎಂದು ಬರೆದು ಹಳೆಯ ಮಿತಿಗಳನ್ನೇ ಹಾಕಿದರೂ ಇದೇ ಉತ್ತರ ಬರುತ್ತದೆ. ಆದರೂ ಆದೇಶಿಸಿದ ಸಾಲಿನಲ್ಲಿಯೇ ಮಿತಿಗಳನ್ನೂ ಬದಲಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ, ಏಕೆಂದರೆ ಒಂದೇ ಸಾಲಿನಲ್ಲಿ ಎರಡು ಚರಗಳು ಬೆರೆತರೆ ದಾರಿ ತಪ್ಪುವುದು ಸುಲಭ.

ಇನ್ನು ಸೊನ್ನೆಯ ವಿಷಯ. −2 ಮತ್ತು 2 ಎರಡಕ್ಕೂ ಯು 13 ಆಗುವುದರಿಂದ ಅನುಕಲದ ಬೆಲೆ ನಿಜವಾಗಿಯೂ ಸೊನ್ನೆಯೇ. ನಿಮ್ಮ ಲೆಕ್ಕ ತಪ್ಪಿಲ್ಲ, ಪ್ರಶ್ನೆ ಕೇಳಿದ್ದು ಮಾತ್ರ ಬೇರೆ. ಎಕ್ಸ್ ಋಣವಾಗಿರುವಲ್ಲಿ ರೇಖೆ ಅಕ್ಷದ ಕೆಳಗಿರುವುದರಿಂದ ಆ ಭಾಗ ಋಣ ಚಿಹ್ನೆಯೊಡನೆ ಬಂದು ಬಲಭಾಗವನ್ನು ಸರಿಯಾಗಿ ಕಳೆದುಹಾಕುತ್ತದೆ. ವಿಸ್ತೀರ್ಣ ಬೇಕಾದಾಗ ರೇಖೆ ಅಕ್ಷವನ್ನು ದಾಟುವಲ್ಲಿ, ಇಲ್ಲಿ ಎಕ್ಸ್ = 0 ಇರುವಲ್ಲಿ, ವಿಭಜಿಸಿ ಎರಡೂ ಭಾಗಗಳನ್ನು ಧನವಾಗಿ ಕೂಡಿಸಬೇಕು. 0ಯಿಂದ 2ರವರೆಗೆ ⅓(13√13 − 27), ಸುಮಾರು 6.62, ಎರಡು ಬದಿಗಳೂ ಸಮವಾದ್ದರಿಂದ ಒಟ್ಟು ಸುಮಾರು 13.25.

ಆದರೆ ಆದೇಶಿಸಿದ ಮೇಲೆ ಎರಡು ಮಿತಿಗಳೂ ಒಂದೇ ಆದಾಗಲೆಲ್ಲ ಅನುಕಲ ಸೊನ್ನೆ ಎಂದು ತಿಳಿಯಬೇಡಿ. ವೈ = ಎಕ್ಸ್² ರೇಖೆಯ ಕೆಳಗೆ −1ರಿಂದ 1ರವರೆಗಿನ ವಿಸ್ತೀರ್ಣಕ್ಕೆ ಯು = ಎಕ್ಸ್² ಎಂದು ಹಾಕಿದರೆ ಎರಡು ಮಿತಿಗಳೂ 1 ಆಗುತ್ತವೆ, ಆದರೆ ರೇಖೆ ಎಲ್ಲಿಯೂ ಅಕ್ಷದ ಕೆಳಗೆ ಇಳಿಯುವುದಿಲ್ಲ. ಇಲ್ಲಿ ಡಿಎಕ್ಸ್ ಅನ್ನು ಯು ರೂಪಕ್ಕೆ ತರಲು ಎಕ್ಸ್ ಅನ್ನೇ √ಯು ಎಂದು ಬರೆಯಬೇಕಾಗುತ್ತದೆ, ಎಡಭಾಗದಲ್ಲಾದರೋ ಎಕ್ಸ್ = −√ಯು. ಆದ್ದರಿಂದ ಸೊನ್ನೆಯಲ್ಲಿ ವಿಭಜಿಸಿ ಒಂದೊಂದು ಭಾಗಕ್ಕೂ ಅದರದೇ ಚಿಹ್ನೆಯನ್ನು ಹಾಕಿದರೆ ತಲಾ ⅓ ಬಂದು ಒಟ್ಟು ⅔ ಆಗುತ್ತದೆ.