ಕೆಡವಬೇಡಿ, ಬಿಚ್ಚಿಸಿ

ತುಮಕೂರಿನ ಓದುಗರೊಬ್ಬರ ಪತ್ರದ ಸಾರ: ‘ಅಜ್ಜ ಕಟ್ಟಿಸಿದ ಹೆಂಚಿನ ಮನೆ, ಸುಣ್ಣದ ಗಾರೆಯ ಇಟ್ಟಿಗೆ ಗೋಡೆ. ಗಟ್ಟಿಯಾಗೇ ಇದೆ, ಆದರೆ ಸಾಲದು. ಜೆಸಿಬಿ ತಂದರೆ ಎರಡೇ ದಿನ, ಕೈಯಲ್ಲಿ ಬಿಚ್ಚಿಸಿದರೆ ಮೂರು ವಾರ. ಹಳೇ ಇಟ್ಟಿಗೆ ಹೊಸ ಮನೆಗೆ ಆಗಿಬರಲ್ಲ ಅಂತ ಮನೆಯಲ್ಲಿ ಬೇರೆ ತಕರಾರು. ಏನು ಮಾಡಲಿ?’

ಗೋಡೆ ವಾಲಿದ್ದರೆ ಜೆಸಿಬಿಯೇ ಸರಿ. ಅಂಥದ್ದರ ಮೇಲೆ ಆಳು ಹತ್ತಿಸಬಾರದು. ನಿಮ್ಮದು ಹಾಗಲ್ಲವಲ್ಲ ಸ್ವಾಮಿ! ‘ಸುಣ್ಣದ ಗಾರೆ’ ಎಂದು ಬರೆದಾಗಲೇ ಉತ್ತರವನ್ನೂ ನೀವೇ ಬರೆದಿರಿ. ಸಿಮೆಂಟ್ ಗಾರೆ ಕಚ್ಚಿಕೊಂಡರೆ ಬಿಡಿಸುವಾಗ ಒಡೆಯುವುದು ಇಟ್ಟಿಗೆ. ಸುಣ್ಣದ್ದು ಮೆದು, ಕರಣೆಯಲ್ಲಿ ತಟ್ಟಿದರೆ ಉದುರಿ, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ.

ಮೊದಲು ಕರೆಂಟು, ನೀರು ಕತ್ತರಿಸಿ. ಹೆಂಚನ್ನು ನೆತ್ತಿಯಿಂದ ಕೆಳಕ್ಕೆ, ಎರಡೂ ಇಳಿಜಾರಲ್ಲಿ ಸಮವಾಗಿ ಇಳಿಸಿ. ಒಂದೇ ಪಕ್ಕ ಖಾಲಿ ಮಾಡಿದರೆ ಮಾಡು ಇನ್ನೊಂದು ಪಕ್ಕಕ್ಕೆ ಎಳೆಯುತ್ತದೆ. ತೊಲೆ, ಜಂತೆಗಳ ಮೊಳೆ ಪೂರ್ತಿ ಕೀಳಿಸಿ. ಒಂದು ಉಳಿದರೂ ಗರಗಸದ ಹಲ್ಲು ಹೋಯಿತು. ಗೋಡೆ ಮೇಲಿನಿಂದ ವರಸೆ ವರಸೆಯಾಗಿ ಇಳಿಯಲಿ. ಚೌಕಟ್ಟಿಗೆ ಕೈಹಾಕುವುದು ಅದರ ಮೇಲಿನ ಗೋಡೆ ಇಳಿದ ಮೇಲೆ.

ಇಟ್ಟಿಗೆ ಆಯಬೇಕು. ಎರಡನ್ನು ತಾಗಿಸಿದರೆ ಠಣ್ ಎನ್ನಬೇಕು. ಒಣಗಿದ್ದನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ: 3 ಕೆಜಿಯದು 600 ಗ್ರಾಂಗಿಂತ ಹೆಚ್ಚು ಕುಡಿದಿದ್ದರೆ ಭಾರ ಹೊರುವ ಗೋಡೆಗೆ ಬೇಡ. ತಳದ ಎರಡು ಮೂರು ಅಡಿಯ ಇಟ್ಟಿಗೆ ಬಿಳಿ ಉಪ್ಪು ಕಾರುತ್ತಿದ್ದರೆ ಬಿಟ್ಟುಬಿಡಿ, ಪ್ಲಾಸ್ಟರ್ ನಿಲ್ಲುವುದಿಲ್ಲ. ಒಡೆದ ಒಳ್ಳೆಯ ಚೂರು ತಾರಸಿ ಇಳಿಜಾರಿನ ಜಲ್ಲಿಗಾಯಿತು.

ಇನ್ನು ‘ಆಗಿಬರಲ್ಲ’. ಇದೇ ಬಾಗಿಲು ‘ಆಂಟಿಕ್’ ಎಂಬ ಚೀಟಿ ಹಚ್ಚಿಕೊಂಡು ಅಂಗಡಿಯಿಂದ ಬಂದಿದ್ದರೆ ಮನೆಯವರು ಆರತಿ ಎತ್ತುತ್ತಿದ್ದರು!

ಮನೆಯವರನ್ನಷ್ಟೇ ಏಕೆ ಅನ್ನಲಿ? ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ, ಎಂ25 ಎಂಬ ಬಲದ ದರ್ಜೆಯ ತನಕ, ಜಲ್ಲಿಯ 20 ಶೇಕಡಾ ಹಳೇ ಕಾಂಕ್ರೀಟ್ ಪುಡಿಮಾಡಿದ್ದೇ ಇರಬಹುದೆಂದು ಜಲ್ಲಿ, ಮರಳಿನ ಭಾರತೀಯ ಮಾನಕ ಐಎಸ್ 383 ಒಪ್ಪಿದ್ದು 2016ರಲ್ಲಿ. ಎಸ್ಟಿಮೇಟ್ ಬರೆಯುವ ಎಷ್ಟು ಕೈಗಳಿಗೆ ಅದು ನೆನಪಿದೆ? ಅತ್ತ ಬೆಟ್ಟ ಕರಗುತ್ತದೆ, ಇತ್ತ ಅವಶೇಷ ರಾತ್ರೋರಾತ್ರಿ ಕೆರೆಯಂಗಳಕ್ಕೆ ಬೀಳುತ್ತದೆ.

ನಿಮ್ಮ ಮನೆಯಲ್ಲಿ ರೆಡ್‌ಆಕ್ಸೈಡ್ ನೆಲವಿದ್ದರೆ ಅದೊಂದು ಏಳುವುದಿಲ್ಲ. ಅದನ್ನು ಒಡೆದು, ಹೊಸ ಮನೆಯ ನೆಲದಡಿ ತುಂಬಿಸಿ ದಮ್ಮಸು ಮಾಡಿಸಿ.