ಮಗಳ ಹಾಕಿ ಸ್ಟಿಕ್ ಬಿಟ್ಟು ಬರಬೇಡಿ

ವಿರಾಜಪೇಟೆಯಿಂದ ನೆದರ್‌ಲ್ಯಾಂಡ್ಸ್‌ನ ಆಮ್ಸ್ಟೆಲ್ವೀನ್‌ಗೆ ಬರುತ್ತಿದ್ದೀರಿ, ಒಂಬತ್ತು ವರ್ಷದ ಮಗಳಿಗೆ ಹಾಕಿ ಅಂದರೆ ಪ್ರಾಣ, ಇಲ್ಲಿ ಅವಳ ಆಟ ನಿಂತುಹೋಗುತ್ತದಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಮೀನನ್ನು ಹೊಳೆಗೆ ಬಿಡುವವರು ಅಲ್ಲಿ ನೀರಿದೆಯಾ ಅಂತ ಕೇಳಿದ ಹಾಗಾಯಿತು! ಹೆಸರಾಂತ ವಾಗೆನರ್ ಹಾಕಿ ಸ್ಟೇಡಿಯಂ ಇರುವುದೇ ಈ ಊರಲ್ಲಿ. 2022ರ ಮಹಿಳಾ ವಿಶ್ವಕಪ್‌ನಲ್ಲಿ ನಮ್ಮ ಭಾರತದ ಹುಡುಗಿಯರು ಗುಂಪಿನ ಪಂದ್ಯ ಆಡಿದ್ದೂ ಇಲ್ಲೇ.

ಆದರೆ ಒಂದು ಮಾತು. ಇಲ್ಲಿ ಆಟ ಶಾಲೆಯದಲ್ಲ, ಕ್ಲಬ್ಬಿನದು. ಕ್ಲಬ್‌ಗಳಲ್ಲಿ ವೇಟಿಂಗ್ ಲಿಸ್ಟ್ ಇರುತ್ತದೆ. ನಾವು ಬಂದ ಹೊಸದರಲ್ಲಿ ದುಡ್ಡು ಕಟ್ಟಿದರೆ ಸೇರಿಸಿಕೊಳ್ಳುತ್ತಾರೆ ಅಂದುಕೊಂಡು ಮಗಳ ಕೈ ಹಿಡಿದು ನೇರ ಒಂದು ಕ್ಲಬ್‌ಗೆ ಹೋದೆ. ಜಾಗ ಇಲ್ಲ ಅಂದರು. ಒಂದು ವರ್ಷ ಪೂರ್ತಿ ಅವಳು ಗ್ಯಾರೇಜ್ ಗೋಡೆಗೆ ಚೆಂಡು ಹೊಡೆದಳು. ಪಕ್ಕದ ಮನೆಯವರ ಶಾಪ ನನಗೆ. ನೀವು ವೀಸಾ ಬಂದ ದಿನವೇ ಹೆಸರು ಬರೆಸಿಬಿಡಿ.

ಮಗಳು ಮಂಚದ ಮೇಲೆ ಡಚ್ ಹಾಕಿ ಆಟಗಾರ್ತಿ ಯಿಬ್ಬಿ ಯಾನ್ಸೆನ್ ಫೋಟೋ ಅಂಟಿಸಿದ್ದಾಳೆ, ಇಲ್ಲಿಗೆ ಬಂದರೆ ಆ ಥರ ಆಗಬಹುದಾ ಅಂತಲೂ ಬರೆದಿದ್ದೀರಿ. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲಮ್ಮ. ಯಿಬ್ಬಿ ಮನೆಯ ಕಥೆಯೇ ಬೇರೆ. ಅಪ್ಪ ರೊನಾಲ್ಡ್ ಯಾನ್ಸೆನ್ ಡಚ್ ತಂಡದ ಗೋಲ್‌ಕೀಪರ್. 1996ರಲ್ಲಿ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಚಿನ್ನ, 2000ದಲ್ಲಿ ಸಿಡ್ನಿಯಲ್ಲಿ ಮತ್ತೆ ಚಿನ್ನ. ಯಿಬ್ಬಿ ಹುಟ್ಟಿದ್ದು 1999ರ ನವೆಂಬರ್‌ನಲ್ಲಿ. ಸಿಡ್ನಿಯಲ್ಲಿ ಅಪ್ಪನ ಕೊರಳಿಗೆ ಪದಕ ಬಿದ್ದಾಗ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಪೆನಾಲ್ಟಿ ಕಾರ್ನರ್ (ಎದುರಾಳಿ ಗೋಲಿನ ಹತ್ತಿರ ತಪ್ಪು ಮಾಡಿದಾಗ ಸಿಗುವ ಅವಕಾಶ) ತಡೆದು ಹೆಸರು ಮಾಡಿದರೆ, ಮಗಳು ಕಲಿತದ್ದು ಅದೇ ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಹೊಡೆಯುವುದು, ಅಂದರೆ ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವುದು. ಊಟದ ಹೊತ್ತಲ್ಲಿ ಆ ಮನೆಯಲ್ಲಿ ಏನು ಮಾತಾಡುತ್ತಿದ್ದರೋ!

ಇಷ್ಟಿದ್ದೂ ದಾರಿ ಸಲೀಸಾಗಿರಲಿಲ್ಲ ನೋಡಿ. ಐಂಡ್ಹೋವನ್‌ನ ಒರಾಂಯೆ-ರೋಡ್ ಕ್ಲಬ್‌ಗೆ ಆಡಿದರು, ಆಮೇಲೆ ಬಿಲ್ಟ್ಹೋವನ್‌ನ ಎಸ್‌ಸಿಎಚ್‌ಸಿ ಸೇರಿದರು. ಟೋಕಿಯೋ ಒಲಿಂಪಿಕ್ಸ್ ಬಂದಾಗ ವಯಸ್ಸು 21. ತಂಡದಲ್ಲಿ ಹೆಸರಿರಲಿಲ್ಲ. ಆಗ ಡ್ರ್ಯಾಗ್ ಫ್ಲಿಕ್ ಕೆಲಸ ಕಾಯಾ ವಾನ್ ಮಾಸಾಕ್ಕರ್ ಅವರದು, ಅವರಿದ್ದಾಗ ಇನ್ನೊಬ್ಬರಿಗೆ ಜಾಗ ಸಿಗುವುದು ಕಷ್ಟವೇ. ತಂಡ ಚಿನ್ನ ಗೆದ್ದಿತು, ಯಿಬ್ಬಿ ಅದರಲ್ಲಿರಲಿಲ್ಲ. ಕಾಯಾ ನಿವೃತ್ತರಾದರು. ಮೂರು ವರ್ಷ ಕಳೆದು ಪ್ಯಾರಿಸ್ ಬಂತು. ಅಲ್ಲಿ ಯಿಬ್ಬಿ ಹೊಡೆದದ್ದು 9 ಗೋಲು, ಎಲ್ಲರಿಗಿಂತ ಜಾಸ್ತಿ. ಫೈನಲ್‌ನಲ್ಲಿ ಚೀನಾ ಆರಂಭದಲ್ಲೇ ಮುಂದೆ ಹೋಗಿತ್ತು. ಕೊನೆಯ ಕ್ವಾರ್ಟರ್‌ವರೆಗೂ ಅದೇ 0-1. ನಮ್ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆಗ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಯಿಬ್ಬಿ ಸಮ ಮಾಡಿದರು. ಆಮೇಲೆ ಸಮವಾದ ಪಂದ್ಯ ತೀರ್ಮಾನಿಸುವ ಶೂಟೌಟ್‌ನಲ್ಲಿ 3-1, ಚಿನ್ನ. ಅದೇ ವರ್ಷ ವಿಶ್ವದ ಶ್ರೇಷ್ಠ ಆಟಗಾರ್ತಿ ಅಂತ ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ (ಎಫ್‌ಐಎಚ್) ಪ್ರಶಸ್ತಿಯೂ ಬಂತು. ಮಗಳಿಗೆ ಕಥೆ ಹೇಳುವಾಗ ಟೋಕಿಯೋದ ಭಾಗ ಬಿಟ್ಟುಬಿಡಬೇಡಿ.

ಬಂದ ಮೇಲೆ ಅವಳನ್ನು ಮೂರನೇ ತಂಡಕ್ಕೆ ಹಾಕಿದರೆ ಬೇಜಾರಾಗಬೇಡಿ, ಕೋಚ್ ಹತ್ತಿರ ಜಗಳಕ್ಕೂ ಹೋಗಬೇಡಿ. ನಮ್ಮವರಲ್ಲಿ ಕೆಲವರು ಹೋಗಿದ್ದಾರೆ, ಏನೂ ಉಪಯೋಗವಾಗಲಿಲ್ಲ. ಸಣ್ಣ ಮಕ್ಕಳ ಕೋಚ್ ಅಂದರೆ ಎಷ್ಟೋ ಸಲ ಇನ್ಯಾರದೋ ಮಗುವಿನ ಅಪ್ಪನೋ ಅಮ್ಮನೋ, ಪುಕ್ಕಟೆ ದುಡಿಯುವವರು. ನಿಮಗೂ ಕೆಲಸ ಬೀಳುತ್ತದೆ. ಶನಿವಾರ ಬೆಳಿಗ್ಗೆ ಇನ್ನೊಂದು ಊರಿಗೆ ನಾಲ್ಕು ಮಕ್ಕಳನ್ನು ಕಾರಲ್ಲಿ ಕರೆದೊಯ್ಯಬೇಕು, ಕ್ಲಬ್ ಕ್ಯಾಂಟೀನಲ್ಲಿ ನಿಂತು ಚೀಸ್ ಟೋಸ್ಟ್ ಮಾಡಿ ಕೊಡಬೇಕು. ಮೊದಮೊದಲು ಇದೇನು ಕರ್ಮ ಅನಿಸಿತ್ತು. ಈಗ ಈ ದೇಶದಲ್ಲಿ ನನಗಿರುವ ಗೆಳತಿಯರೆಲ್ಲ ಆ ಕ್ಯಾಂಟೀನಿನವರೇ. ನನ್ನ ಡಚ್ ಅರ್ಧ ಅಲ್ಲೇ ಕಲಿತದ್ದು.

ಸ್ಟಿಕ್ ತನ್ನಿ. ಮೊಣಕಾಲ ಕೆಳಗಿನ ಗಾರ್ಡ್, ಹಲ್ಲಿನ ಗಾರ್ಡ್ ಇಲ್ಲೇ ಕೊಳ್ಳಿ. ಕೊಡಗಿನವರಿಗೆ ನಾನು ಮಳೆ ಬಗ್ಗೆ ಹೇಳಿಕೊಡುವುದಾ? ಆದರೂ ಕೊಡೆ ತರಬೇಡಿ. ಇಲ್ಲಿನ ಮಳೆ ಅಡ್ಡಡ್ಡ ಬರುತ್ತದೆ, ಗಾಳಿಗೆ ಕೊಡೆ ಮುರಿಯುತ್ತದೆ. ಒಳ್ಳೆಯ ರೈನ್‌ಕೋಟ್ ಒಂದು ಸಾಕು, ಮೈದಾನದ ಬದಿಯಲ್ಲಿ ನಿಲ್ಲೋಕೆ.