ಹಿಂದಕ್ಕೆ ಮುಖ ಮಾಡಿ ಕೂರಿಸುವ ಹೊಸ ಕಾರ್ ಸೀಟ್ ಒಳ್ಳೆಯದೋ ಅಲ್ಲವೋ, ಹೇಗೆ ನೋಡೋದು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಮಗಳಿಗೆ ಒಂದೂವರೆ ವರ್ಷ. ಹುಟ್ಟಿದಾಗ ತಂದ ಸೀಟು ಈಗ ಸಾಲುತ್ತಿಲ್ಲ. ಹಿಂದಕ್ಕೂ ಮುಂದಕ್ಕೂ ಮುಖ ಮಾಡಿ ಹಾಕಬಹುದಾದ ಕನ್ವರ್ಟಿಬಲ್ ಸೀಟೊಂದು ಹೊಸದಾಗಿ ಬಂದಿದೆ. ಬಳಸಿದವರು ಇನ್ನೂ ಯಾರೂ ಸಿಕ್ಕಿಲ್ಲ, ಹಾಗಾಗಿ ಹೇಗೆ ನಿರ್ಧರಿಸೋದು ಗೊತ್ತಾಗುತ್ತಿಲ್ಲ. ಇದರ ಜೊತೆಗೆ ‘ಪಾಪ, ಕಾಲು ಮಡಚಿ ಕೂರಬೇಕು, ಮುಂದಕ್ಕೇ ತಿರುಗಿಸಿಬಿಡಿ’ ಅಂತ ಅತ್ತೆ ಹೇಳುತ್ತಿದ್ದಾರೆ.

ಮೊದಲು ಆ ಕೊನೆಯ ಮಾತಿಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ದಯವಿಟ್ಟು ಈಗಲೇ ತಿರುಗಿಸಬೇಡಿ. ಹಸುಗೂಸಿನ ತಲೆಯ ತೂಕ ಇಡೀ ಮೈಯ ತೂಕದ ಹೆಚ್ಚುಕಡಿಮೆ ಕಾಲು ಭಾಗ ಇರುತ್ತದೆ. ದೊಡ್ಡವರಲ್ಲಿ ಅದು ಶೇ. 6ರ ಆಸುಪಾಸು. ನಿಮ್ಮ ಮಗಳ ವಯಸ್ಸಿಗೂ ತಲೆ ಭಾರವೇ, ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅಲ್ಲಲ್ಲಿ ಮೃದು ಎಲುಬೇ ಇರುತ್ತದೆ. ಕಾರು ಎದುರಿನಿಂದ ಗುದ್ದಿದಾಗ ಮುಂದಕ್ಕೆ ಮುಖ ಮಾಡಿದ ಮಗುವಿನ ಎದೆಯನ್ನು ಪಟ್ಟಿಗಳು ಹಿಡಿದುಕೊಳ್ಳುತ್ತವೆ, ತಲೆಯನ್ನು ಯಾರೂ ಹಿಡಿಯುವುದಿಲ್ಲ. ಅದು ಮುಂದಕ್ಕೆ ಎಗರುತ್ತದೆ, ಪೂರ್ತಿ ಭಾರ ಆ ಎಳೆ ಕುತ್ತಿಗೆಯ ಮೇಲೆ. ಹಿಂದಕ್ಕೆ ಮುಖ ಮಾಡಿದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಳ್ಳುತ್ತವೆ. ಹೊಡೆತ ಹಂಚಿಹೋಗುತ್ತದೆ.

‘ಹಿಂದಿನಿಂದ ಯಾರಾದರೂ ಗುದ್ದಿದರೆ?’ ಅಂತ ಕೇಳುವವರು ಇದ್ದಾರೆ. ಸರಿಯಾದ ಪ್ರಶ್ನೆಯೇ. ಆದರೆ ಮಕ್ಕಳಿಗೆ ತೀವ್ರ ಪೆಟ್ಟಾಗುವ ಅಪಘಾತಗಳಲ್ಲಿ ಎದುರಿನಿಂದ, ಪಕ್ಕದಿಂದ ಬೀಳುವ ಹೊಡೆತವೇ ಜಾಸ್ತಿ. ಹಿಂದಿನಿಂದ ಗುದ್ದುವ ವಾಹನ ಸಾಮಾನ್ಯವಾಗಿ ನಿಮ್ಮ ದಿಕ್ಕಿನಲ್ಲೇ ಬರುತ್ತಿರುತ್ತದೆ, ಹಾಗಾಗಿ ವೇಗದ ವ್ಯತ್ಯಾಸ ಕಡಿಮೆ.

ಕಾಲಿನ ವಿಷಯಕ್ಕೆ ಬಂದರೆ, ಚಕ್ಕಳಮಕ್ಕಳ ಹಾಕಿ ಕೂರೋದು ಆ ವಯಸ್ಸಿನ ಮಕ್ಕಳಿಗೆ ಕಷ್ಟವೇ ಅಲ್ಲ. ನೆಲದ ಮೇಲೆ ಆಡುವಾಗಲೂ ಹಾಗೇ ತಾನೇ ಕೂರೋದು? ನನ್ನ ಇಬ್ಬರು ಮಕ್ಕಳೂ ನಾಲ್ಕು ವರ್ಷದ ಆಸುಪಾಸಿನವರೆಗೆ ಹಿಂದಕ್ಕೆ ಮುಖ ಮಾಡಿಯೇ ಕೂತರು. ಕಾಲನ್ನು ಕಾರಿನ ಸೀಟಿಗೆ ಆನಿಸಿಕೊಂಡು ಹಾಯಾಗಿ ನಿದ್ದೆ ಹೊಡೆಯುತ್ತಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲು ‘ಎರಡು ವರ್ಷದವರೆಗೆ’ ಅಂತ ಹೇಳುತ್ತಿತ್ತು. 2018ರಲ್ಲಿ ಆ ವಯಸ್ಸಿನ ಗೆರೆಯನ್ನೇ ತೆಗೆದು, ಸೀಟಿನ ಎತ್ತರ-ತೂಕದ ಮಿತಿ ಮುಗಿಯುವವರೆಗೂ ಹಿಂದಕ್ಕೇ ಮುಖ ಇರಲಿ ಅಂತ ಸಲಹೆ ಕೊಟ್ಟಿತು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೆ ಹೀಗೆ ಕೂರಿಸೋದು ಬಹಳ ಹಿಂದಿನಿಂದಲೂ ರೂಢಿ. ಬರ್ಟಿಲ್ ಆಲ್ಡ್‌ಮನ್ ಅನ್ನುವವರು 1960ರ ದಶಕದಲ್ಲಿ ಈ ಬಗೆಯ ಸೀಟನ್ನು ಮೊದಲು ಯೋಚಿಸಿದ್ದೂ ಅಲ್ಲೇ. ಬಾಹ್ಯಾಕಾಶ ಯಾತ್ರಿಗಳು ಬೆನ್ನು ಕೊಟ್ಟು ಮಲಗಿ ರಾಕೆಟ್ ಹಾರುವಾಗಿನ ಒತ್ತಡ ತಡೆದುಕೊಳ್ಳುವುದನ್ನು ನೋಡಿ ಅವರಿಗೆ ಈ ಯೋಚನೆ ಹೊಳೆದಿತ್ತು. ಇಷ್ಟನ್ನು ಅತ್ತೆಯವರಿಗೂ ಹೇಳಿ. ಮೊಮ್ಮಗಳ ಮೇಲಿನ ಪ್ರೀತಿಯಿಂದ ಹೇಳಿದ ಮಾತು ಅದು, ಕಾರಣ ತಿಳಿದರೆ ಅವರೇ ನಿಮ್ಮ ಪರ ನಿಲ್ಲುತ್ತಾರೆ.

ಈಗ ಸೀಟಿಗೆ ಬರೋಣ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವ ಸಂಖ್ಯೆಯನ್ನು ಬಿಟ್ಟುಬಿಡಿ. ಅದು ಸಾಮಾನ್ಯವಾಗಿ ಮುಂದಕ್ಕೆ ಮುಖ ಮಾಡಿದಾಗಿನ ಮಿತಿ. ನಿಮಗೆ ಬೇಕಾದದ್ದು ಹಿಂದಕ್ಕೆ ಮುಖ ಮಾಡಿದಾಗಿನ ಮಿತಿ. ಸೀಟಿನ ಪಕ್ಕದ ಲೇಬಲ್‌ನಲ್ಲಿ, ಮ್ಯಾನ್ಯುಯಲ್‌ನಲ್ಲಿ ಅದು ಬೇರೆಯಾಗಿಯೇ ಇರುತ್ತದೆ. ಎರಡು ಸೀಟು ಹೊರಗಿನಿಂದ ಒಂದೇ ಥರ ಕಂಡರೂ ಒಂದು 13 ಕಿಲೋಗೆ ನಿಂತರೆ ಇನ್ನೊಂದು 18 ಕಿಲೋವರೆಗೆ ಹೋಗಬಹುದು. ಅಷ್ಟರಲ್ಲಿ ಒಂದು ವರ್ಷಕ್ಕೂ ಹೆಚ್ಚಿನ ವ್ಯತ್ಯಾಸ ಇದೆ.

ಸೀಟಿನ ಮೇಲೆ ಆರ್129 ಅಂತ ಇದ್ದರೆ ಅದು ವಿಶ್ವಸಂಸ್ಥೆಯ ಹೊಸ ನಿಯಮಕ್ಕೆ ಒಪ್ಪಿದ್ದು. 2013ರಲ್ಲಿ ಜಾರಿಗೆ ಬಂತು. ಹಳೆಯ ಆರ್44ರಲ್ಲಿ ಪಕ್ಕದಿಂದ ಗುದ್ದಿಸುವ ಪರೀಕ್ಷೆ ಇರಲಿಲ್ಲ, ಇದರಲ್ಲಿ ಇದೆ. ಸೀಟು ಯಾವ ಮಗುವಿಗೆ ಅನ್ನೋದನ್ನು ಇದು ಮುಖ್ಯವಾಗಿ ಎತ್ತರದ ಮೇಲೆ ಹೇಳುತ್ತದೆ, ಅದು ತೂಕಕ್ಕಿಂತ ನೆನಪಿಡಲು ಸುಲಭ. 15 ತಿಂಗಳವರೆಗೆ ಹಿಂದಕ್ಕೇ ಮುಖ ಅನ್ನೋದು ಈ ನಿಯಮದಲ್ಲಿ ಕಡ್ಡಾಯ. ಅದನ್ನೇ ಕೆಲವರು ‘15 ತಿಂಗಳಾಯಿತು, ಇನ್ನು ತಿರುಗಿಸಬಹುದು’ ಅಂತ ಓದಿಕೊಳ್ಳುತ್ತಾರೆ. ಅದು ಅದಕ್ಕಿಂತ ಮೊದಲು ಬೇಡವೇ ಬೇಡ ಅನ್ನುವ ಗೆರೆ ಅಷ್ಟೆ, ಗುರಿ ಅಲ್ಲ.

ಸ್ವೀಡನ್ನಿನ ಪ್ಲಸ್ ಟೆಸ್ಟ್ ಅಂಟುಚೀಟಿ ಕಂಡರೆ ನಾನು ಅದಕ್ಕೆ ಒಂದಿಷ್ಟು ಹೆಚ್ಚೇ ಬೆಲೆ ಕೊಡುತ್ತೇನೆ. ಕುತ್ತಿಗೆಯ ಮೇಲೆ ಬೀಳುವ ಬಲವನ್ನು ಅಳೆಯುವ ಪರೀಕ್ಷೆ ಅದು. ಕಡ್ಡಾಯವಲ್ಲ, ಹಾಗಾಗಿ ಇಲ್ಲದ ಸೀಟು ಕೆಟ್ಟದ್ದು ಅಂತ ಅರ್ಥವಲ್ಲ.

ಇಷ್ಟೆಲ್ಲ ಕೂತಲ್ಲೇ ಓದಿ ತಿಳಿಯುವ ವಿಷಯ. ಹೊಸ ಸೀಟಿನ ನಿಜವಾದ ಪರೀಕ್ಷೆ ಆಗೋದು ನಿಮ್ಮ ಕಾರಿನ ಒಳಗೆ. ಬೇರೆಯವರ ಕಾರಿನಲ್ಲಿ ಗಟ್ಟಿಯಾಗಿ ಕೂತ ಸೀಟು ನಿಮ್ಮದರಲ್ಲಿ ಅಲ್ಲಾಡಬಹುದು. ಹಾಗಾಗಿ ಬಳಸಿದವರ ಮಾತು ಸಿಗದಿದ್ದರೆ ಚಿಂತೆ ಮಾಡಬೇಡಿ. ಹಾಕಿ ನೋಡದೆ ಕೊಳ್ಳಬೇಡಿ, ಅಥವಾ ವಾಪಸು ಮಾಡಲು ಅವಕಾಶ ಇರುವ ಕಡೆ ಮಾತ್ರ ಕೊಳ್ಳಿ.

ಹಾಕಿದ ಮೇಲೆ ಸೀಟಿನ ಮೇಲ್ತುದಿ ಹಿಡಿದು ಅಲ್ಲಾಡಿಸಿ ನೋಡುವವರೇ ಜಾಸ್ತಿ. ಹಿಂದಕ್ಕೆ ಮುಖ ಮಾಡಿದ ಸೀಟಿನ ತಲೆಯ ಕಡೆ ಸ್ವಲ್ಪ ಅಲ್ಲಾಡುವುದು ಸಹಜ. ಕೈ ಇಡಬೇಕಾದ್ದು ಕೆಳಗೆ, ಕಾರಿನ ಬೆಲ್ಟ್ ಸೀಟಿನೊಳಗೆ ಹಾದುಹೋಗುವ ಜಾಗದಲ್ಲಿ. ಅಲ್ಲಿ ಒಂದೇ ಕೈಯಲ್ಲಿ ಹಿಡಿದು ಎಡಕ್ಕೆ-ಬಲಕ್ಕೆ, ಹಿಂದಕ್ಕೆ-ಮುಂದಕ್ಕೆ ಎಳೆಯಿರಿ. ಎರಡೂವರೆ ಸೆಂಟಿಮೀಟರ್‌ಗಿಂತ, ಅಂದರೆ ಒಂದಿಂಚಿಗಿಂತ ಜಾಸ್ತಿ ಸರಿಯಬಾರದು.

ಸರಿಯುತ್ತಿದ್ದರೆ ಕಾರಿನ ಬಕಲ್ ಕಡೆ ಬಗ್ಗಿ ನೋಡಿ. ಕೆಲವು ಕಾರುಗಳಲ್ಲಿ ಬಕಲ್‌ನ ಕುತ್ತಿಗೆ ಉದ್ದ ಇರುತ್ತದೆ. ಬೆಲ್ಟ್ ಬಿಗಿ ಮಾಡಿದಾಗ ಆ ಬಕಲ್ ಬೆಲ್ಟ್ ದಾರಿಯ ಪ್ಲಾಸ್ಟಿಕ್ ಅಂಚಿನ ಮೇಲೆ ಬಂದು ಮಲಗುತ್ತದೆ. ಬೆಲ್ಟ್ ಗಟ್ಟಿಯಾಗಿದೆ ಅಂತ ಅನ್ನಿಸಿದರೂ ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ, ಮುಂದೆ ಬಿಗಿಯಾಗುವುದೇ ಇಲ್ಲ. ಎಷ್ಟು ಒಳ್ಳೆಯ ಸೀಟಾದರೂ ಆ ಜಾಗಕ್ಕೆ ಅದು ಹೊಂದುವುದಿಲ್ಲ. ಹಿಂದಿನ ಸೀಟಿನ ಇನ್ನೊಂದು ಪಕ್ಕದಲ್ಲಿ ಹಾಕಿ ನೋಡಿ, ಅಲ್ಲೂ ಹಾಗೇ ಆದರೆ ಆ ಮಾಡೆಲ್ ಕೈಬಿಡಿ.

ಬೆಲ್ಟ್ ಬದಲು ಸೀಟನ್ನು ನೇರ ಕಾರಿನ ಲೋಹದ ಕೊಂಡಿಗಳಿಗೆ ಸಿಕ್ಕಿಸುವ ಐಸೋಫಿಕ್ಸ್‌ನಲ್ಲಿ ಈ ತೊಂದರೆ ಇಲ್ಲ, ಕ್ಲಿಕ್ ಅಂದರೆ ಕೂತಿತು, ಹಸಿರು ಗುರುತು ಬಂತು. ಆದರೆ ಅಲ್ಲಿ ತೂಕದ ಲೆಕ್ಕ ಇದೆ. ಆರ್129ರಲ್ಲಿ ಮಗು ಮತ್ತು ಸೀಟು ಸೇರಿ 33 ಕಿಲೋ ದಾಟಬಾರದು. ಸೀಟೇ 15 ಕಿಲೋ ಇದ್ದರೆ ಮಗುವಿಗೆ ಉಳಿಯೋದು 18. ಗರಗರ ತಿರುಗುವ, ಸ್ಕ್ರೂ ಸ್ಪ್ರಿಂಗು ತುಂಬಿದ ಭಾರದ ಸೀಟುಗಳಲ್ಲಿ ಈ ಲೆಕ್ಕ ಬೇಗ ಮುಗಿಯುತ್ತದೆ. ಬೆಲ್ಟ್ ಮತ್ತು ಐಸೋಫಿಕ್ಸ್ ಎರಡನ್ನೂ ಹಾಕಿದರೆ ಡಬಲ್ ಗಟ್ಟಿ ಅನ್ನೋದೂ ತಪ್ಪು ಲೆಕ್ಕ. ಮ್ಯಾನ್ಯುಯಲ್ ಹಾಗೆ ಹೇಳಿದ್ದರೆ ಮಾತ್ರ.

ಸಪೋರ್ಟ್ ಲೆಗ್, ಅಂದರೆ ಸೀಟಿನಿಂದ ಕಾರಿನ ನೆಲಕ್ಕೆ ಊರುವ ಕಾಲು, ಇರುವ ಸೀಟಾದರೆ ಕಾಲ್ಚಾಪೆ ಎತ್ತಿ ನೋಡಿ. ಕೆಲವು ಕಾರುಗಳ ಹಿಂದಿನ ನೆಲದಡಿ ಸಾಮಾನು ಇಡುವ ಪೆಟ್ಟಿಗೆ ಇರುತ್ತದೆ. ಮೇಲಿನ ಮುಚ್ಚಳ ಆ ಕಾಲಿನ ಒತ್ತಡ ತಡೆಯುವಷ್ಟು ಗಟ್ಟಿ ಇರುವುದಿಲ್ಲ. ಕಾರು ತಯಾರಿಸಿದವರು ಅದಕ್ಕೆ ಏನಾದರೂ ದಾರಿ ಕೊಟ್ಟಿದ್ದಾರಾ ಅಂತ ಕಾರಿನ ಮ್ಯಾನ್ಯುಯಲ್‌ನಲ್ಲಿ ಹುಡುಕಿ. ಇಲ್ಲವಾದರೆ ಸಪೋರ್ಟ್ ಲೆಗ್ ಇರುವ ಸೀಟು ನಿಮಗಲ್ಲ.

ಆಮೇಲೆ ಜಾಗ. ನಿಮ್ಮಲ್ಲಿ ಎತ್ತರದವರು ಯಾರೋ ಅವರನ್ನು ಮುಂದೆ ಕೂರಿಸಿ, ಯಾವಾಗಲೂ ಇಟ್ಟುಕೊಳ್ಳುವಷ್ಟೇ ದೂರಕ್ಕೆ ಮುಂದಿನ ಸೀಟು ಇಡಿ. ಮಂಡಿ ಡ್ಯಾಶ್‌ಬೋರ್ಡಿಗೆ ತಾಗುವಂತಿದ್ದರೆ ಆ ಏರ್ಪಾಡು ಒಂದು ವಾರವೂ ನಡೆಯುವುದಿಲ್ಲ. ಒಂದು ದಿನ ಸುಮ್ನೆ ಮಗುವನ್ನೇ ಮುಂದಕ್ಕೆ ತಿರುಗಿಸಿಬಿಡುತ್ತೀರಿ. ಒಂದು ಉಪಾಯ ಇದೆ: ಹಸುಗೂಸು ಒರಗಿ ಮಲಗಬೇಕು, ಆದರೆ ತಲೆ ನಿಂತ ಒಂದೂವರೆ ವರ್ಷದ ಮಗು ಸ್ವಲ್ಪ ನೆಟ್ಟಗೇ ಕೂರಬಹುದು. ಸೀಟಿನ ಪಕ್ಕದಲ್ಲಿ ವಾಲಿಕೆ ತೋರಿಸುವ ಗೆರೆ ಅಥವಾ ಗುಳ್ಳೆ ಇರುತ್ತದೆ. ಅದು ಒಪ್ಪುವ ಮಿತಿಯಲ್ಲಿ ಎಷ್ಟು ನೆಟ್ಟಗಾಗುತ್ತದೋ ಅಷ್ಟು ಮಾಡಿ, ಮುಂದಿನವರಿಗೆ ಒಳ್ಳೇ ಜಾಗ ಸಿಗುತ್ತದೆ. ಸೀಟು ಮುಂದಿನ ಸೀಟಿನ ಬೆನ್ನಿಗೆ ತಾಗಬಹುದೋ ಇಲ್ಲವೋ ಅನ್ನೋದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಓದಿಯೇ ತಿಳಿಯಬೇಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಯಾವತ್ತೂ ಹಾಕಬೇಡಿ. ಏರ್‌ಬ್ಯಾಗ್ ಸಿಡಿದರೆ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ, ಜೀವಕ್ಕೇ ಅಪಾಯ.

ಕೊನೆಗೆ ಮಗಳನ್ನು ಕೂರಿಸಿ ನೋಡಿ. ಹಿಂದಕ್ಕೆ ಮುಖ ಮಾಡಿದಾಗ ಪಟ್ಟಿಗಳು ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಚೂರು ಕೆಳಗಿನಿಂದ ಹೊರಬರಬೇಕು. ಮುಂದಕ್ಕೆ ಮುಖ ಮಾಡಿದಾಗ ಮಾತ್ರ ಭುಜದ ಮಟ್ಟ ಅಥವಾ ಮೇಲೆ. ಬಿಗಿ ಮಾಡಿದ ಮೇಲೆ ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ ಇದೆ, ಬೆರಳು ಜಾರಿದರೆ ಸರಿ. ಎದೆಯ ಕ್ಲಿಪ್ ಇರುವ ಸೀಟಾದರೆ ಅದು ಕಂಕುಳ ಮಟ್ಟದಲ್ಲಿರಲಿ. ದಪ್ಪ ಜಾಕೆಟ್ ಹಾಕಿ ಬಿಗಿ ಮಾಡಬೇಡಿ, ಒಳಗಿನ ಗಾಳಿ ಅಪಘಾತದಲ್ಲಿ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ.

ಈಗ ತಲೆಯ ಮೇಲೆ ಎಷ್ಟು ಜಾಗ ಉಳಿದಿದೆ, ಪಟ್ಟಿ ಇನ್ನೂ ಎಷ್ಟು ಮೇಲೆ ಹೋಗುತ್ತದೆ ಅಂತ ನೋಡಿ. ಹೆಚ್ಚಿನ ಮಕ್ಕಳಿಗೆ ತೂಕದ ಮಿತಿ ಮುಗಿಯುವ ಮೊದಲೇ ಈ ಜಾಗ ಮುಗಿಯುತ್ತದೆ. ಅಂಗಡಿಯವರು ‘ನಾಲ್ಕು ವರ್ಷದವರೆಗೆ ಬರುತ್ತೆ’ ಅಂದರೂ ಸೀಟಿನ ಬೆನ್ನು ಗಿಡ್ಡ ಇದ್ದರೆ ಬರುವುದಿಲ್ಲ. ಇಬ್ಬರು ಮಕ್ಕಳ ಎತ್ತರ ಒಂದೇ ಇದ್ದರೂ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರುತ್ತದಲ್ಲ, ಲೆಕ್ಕಕ್ಕೆ ಬರೋದು ಬೆನ್ನು.

ಬಟ್ಟೆ, ಬಣ್ಣ, ಲೋಟ ಇಡುವ ಜಾಗ, ಇವುಗಳ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಹೊದಿಕೆ ಬಿಚ್ಚಿ ತೊಳೆಯಲು ಬಂದರೆ ಸಾಕು. ಆದರೆ ಬಕಲ್ ಮಾತ್ರ ನೋಡಿಕೊಳ್ಳಿ. ಬಿಸ್ಕತ್ತಿನ ಪುಡಿ ಒಳಗೆ ಬಿದ್ದರೆ ಕ್ಲಿಕ್ ಸದ್ದು ಬಂದರೂ ಪೂರ್ತಿ ಕೂತಿರುವುದಿಲ್ಲ, ಒಮ್ಮೆ ಎಳೆದು ನೋಡೋದು ರೂಢಿ ಮಾಡಿಕೊಳ್ಳಿ. ಪಟ್ಟಿಗಳನ್ನು ಸೋಪಿನಲ್ಲಿ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೊಸ ಮಾಡೆಲ್ ಆದ್ದರಿಂದ ಇನ್ನೊಂದು ಕೆಲಸ ಮರೆಯಬೇಡಿ. ಸೀಟು ಮನೆಗೆ ಬಂದ ದಿನವೇ ತಯಾರಕರ ಬಳಿ ನಿಮ್ಮ ಹೆಸರು, ಸೀಟಿನ ನಂಬರು ನೋಂದಾಯಿಸಿ. ಹೊಸದರಲ್ಲಿ ಏನಾದರೂ ದೋಷ ಕಂಡು ವಾಪಸು ಕರೆಸಿಕೊಂಡರೆ ಅವರು ನೇರ ನಿಮಗೇ ತಿಳಿಸುತ್ತಾರೆ. ನಿಮ್ಮ ಕಾರು ಯಾವುದು, ಮಗಳ ಎತ್ತರ ಎಷ್ಟು, ನೋಡಿದ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದಾಗಿನ ಮಿತಿ ಎಷ್ಟು ಅಂತ ಕೆಳಗೆ ಬರೆದರೆ ಮುಂದಿನದನ್ನು ಒಟ್ಟಿಗೆ ನೋಡೋಣ.